ಹಿಂದಿನ ರೆಕ್ಕೆ

ಏಪ್ರಿಲ್ ೬

ಅತ್ತೆ,

ನಿಮ್ಮ ಕಾಗದ ಬಂತು. ಆರಾಮಾಗಿದ್ದೇನೆ ಎಂದು ಬರೆದಿದ್ದೀರಿ, ಮೊಣಕಾಲಿನ ಸುದ್ದಿ ಎತ್ತಿಲ್ಲ. ಅಂದರೆ ಇನ್ನೂ ನೋಯುತ್ತಿದೆ ಎಂದುಕೊಂಡಿದ್ದೇನೆ. ನಿಮಗೆ ಫೋನಿನಲ್ಲಿ ಕೇಳಿಸದಂತಾಗಿದ್ದು ಬೇಸರದ ಸಂಗತಿಯೇ, ಆದರೆ ಫೋನಿನಲ್ಲಾಗಿದ್ದರೆ ‘ಎಲ್ಲ ಚೆನ್ನಾಗಿದೆ ಅತ್ತೆ’ ಎಂದು ಇಟ್ಟುಬಿಡುತ್ತಿದ್ದೆ. ಕಾಗದದಲ್ಲಿ ಅಷ್ಟು ಬೇಗ ತಪ್ಪಿಸಿಕೊಳ್ಳಲು ಬರುವುದಿಲ್ಲ.

ನಾನು ದಿನವಿಡೀ ಏನು ಮಾಡುತ್ತೇನೆ ಎಂದು ಕೇಳಿದ್ದೀರಿ. ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಕೂತಿರುತ್ತೇನೆ. ಗೋಡೆಯಾಚೆ ಗಾಳಿ ಸುರಂಗವಿದೆ. ಮನೆಯಷ್ಟು ಎತ್ತರದ ಫ್ಯಾನು, ಅದರೆದುರು ಅರ್ಧ ಅಳತೆಯ ಮಾದರಿ ರೇಸ್ ಕಾರು. ಚಕ್ರದಡಿಯ ನೆಲ ಓಡುತ್ತಿರುತ್ತದೆ, ಕಾರು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಅದನ್ನು ನೋಡುತ್ತಾ ಕೂತವಳೂ ಹೋಗುವುದಿಲ್ಲ.

ಕಾರಿಗೇಕೆ ರೆಕ್ಕೆ ಎಂದೂ ಕೇಳಿದ್ದೀರಿ. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿದರೆ ನಮ್ಮ ರೆಕ್ಕೆ. ಅದು ಎತ್ತುತ್ತದೆ, ನಮ್ಮದು ಒತ್ತುತ್ತದೆ. ಮೂತಿಯಲ್ಲೊಂದು, ಹಿಂದೊಂದು. ಕಾರು ಓಡಿದಂತೆ ಗಾಳಿ ಅವುಗಳ ಮೇಲೆ ಕೂತು ಟೈರುಗಳನ್ನು ನೆಲಕ್ಕೆ ಅದುಮುತ್ತದೆ, ಆಗ ತಿರುವಿನಲ್ಲಿ ಜಾರುವುದಿಲ್ಲ. ಹಿಂದಿನ ರೆಕ್ಕೆಯನ್ನು ಇನ್ನಷ್ಟು ಎದ್ದು ನಿಲ್ಲಿಸಿದರೆ ಹಿಡಿತ ಹೆಚ್ಚುತ್ತದೆ. ಆದರೆ ನೇರ ದಾರಿಯಲ್ಲಿ ಅದೇ ರೆಕ್ಕೆ ಗಾಳಿಗೆ ಅಡ್ಡ ನಿಂತು ಕಾರನ್ನು ಹಿಂದಕ್ಕೆ ಎಳೆಯುತ್ತದೆ. ಒಂದು ಕಡೆ ಕೊಟ್ಟರೆ ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ. ನನ್ನ ಕೆಲಸವೆಲ್ಲ ಇಷ್ಟೇ, ಎಷ್ಟು ಕೊಡುವುದು, ಎಷ್ಟು ಬಿಡುವುದು.

ನಿಮ್ಮ ಮಗ ತಾನು ಓಡಿಸುವ ಈ ವರ್ಷದ ಕಾರು ಹಿಂದೆ ಸಡಿಲ, ತಿರುವಿನಲ್ಲಿ ಹಿಂಭಾಗ ಜಾರುತ್ತದೆ ಅನ್ನುತ್ತಿದ್ದಾನೆ. ಮೊದಲ ರೇಸಿಗೆ ರೆಕ್ಕೆ ಸ್ವಲ್ಪ ಎತ್ತಿಕೊಟ್ಟೆ. ಎರಡನೆಯದಕ್ಕೆ ಇನ್ನೂ ಸ್ವಲ್ಪ. ಮುಂದಿನ ವಾರ ಮನೆಗೆ ಬರುತ್ತಾನಂತೆ. ಚೆನ್ನಾಗಿ ಮಲಗಲು ಹೇಳಿ. ನನ್ನ ಮಾತಿಗೆ ತಲೆಯಾಡಿಸುತ್ತಾನೆ, ಕೇಳುವುದಿಲ್ಲ.

ಫ್ಯಾನು ಮತ್ತೆ ಶುರುವಾಯಿತು. ಕೈ ಅಲುಗುತ್ತಿದೆ, ಅಕ್ಷರ ಕ್ಷಮಿಸಿ.

ನಿಮ್ಮ ಸೊಸೆ


ಏಪ್ರಿಲ್ ೨೪

ಮಗಳೇ,

ಮೊಣಕಾಲು ಇದೆ, ನಾನೂ ಇದ್ದೇನೆ. ಇಬ್ಬರೂ ಒಟ್ಟಿಗೇ ಮೆಟ್ಟಿಲು ಹತ್ತುತ್ತೇವೆ, ಯಾರು ಯಾರನ್ನು ಎಳೆಯುತ್ತಾರೋ ಗೊತ್ತಿಲ್ಲ.

ಕನ್ನಡಕದ ಅಂಗಡಿಯಲ್ಲಿ ಕೆಲಸ ಜಾಸ್ತಿ. ಬೆಳಗಿನಿಂದ ಗಾಜು ಅರೆದು ಚೌಕಟ್ಟಿಗೆ ಕೂರಿಸಿ, ಸಂಜೆಯಾಗುವಷ್ಟರಲ್ಲಿ ನನ್ನ ಕಣ್ಣೇ ಮಂಜಾಗಿರುತ್ತದೆ. ಹೊಸ ಮಾಲೀಕ ಕಿವಿ ಹತ್ತಿರ ಬಂದು ಕಿರುಚುತ್ತಾನೆ. ಇನ್ನೊಂದು ಕಿವಿಯೂ ಅವನ ಪುಣ್ಯದಿಂದಲೇ ಹೋಗುತ್ತದೆ.

ನಮ್ಮ ದೊರೆ ಬಂದಿದ್ದ. ಎರಡು ದಿನ ಇದ್ದ. ಅವನ ಅಪ್ಪ ಇದ್ದಾಗ ತೊಟ್ಟಿಲಲ್ಲೇ ಅವನನ್ನು ದೊರೆ ಎಂದು ಕರೆದು ಕೆಡಿಸಿದರು, ಈಗಲೂ ತಟ್ಟೆ ತೊಳೆಯುವುದಿಲ್ಲ. ಈ ಸಲ ತೊಳೆದ. ನನಗೆ ಅಲ್ಲೇ ಅನುಮಾನ ಬಂತು.

ಮರುದಿನ ನನ್ನನ್ನು ಮೊಣಕಾಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವನು ಕಾರು ಓಡಿಸಿದರೆ ನಾನು ಕಣ್ಣು ಮುಚ್ಚಿ ಕೂರುವುದು ನಿನಗೆ ಗೊತ್ತು. ಈ ಸಲ ಕಣ್ಣು ಬಿಟ್ಟೇ ಕೂತಿದ್ದೆ. ತಿರುವು ಇನ್ನೂ ಎಲ್ಲೋ ಇರುವಾಗಲೇ ಬ್ರೇಕು ಒತ್ತುತ್ತಿದ್ದ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾದರು. ಕಿವುಡಿಗೇ ಕೇಳಿಸಿತು ಅಂದಮೇಲೆ ನೋಡು.

“ಯಾಕೋ ಇಷ್ಟು ನಿಧಾನ?” ಅಂದೆ.

“ನಿನ್ನ ಕಾಲು ಅಲುಗಬಾರದು ಅಂತ,” ಎಂದು ಕೂಗಿ ಹೇಳಿದ.

ನಾನು ಹೆತ್ತವಳು. ಅವನು ಸುಳ್ಳು ಹೇಳುವಾಗ ಎಡ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಡುತ್ತಾನೆ. ಸ್ಟೀರಿಂಗ್ ಹಿಡಿದುಕೊಂಡೂ ಬಚ್ಚಿಟ್ಟಿದ್ದ.

ಕಳೆದ ವರ್ಷ ಮುಂದಿನ ಕಾರಿನಿಂದ ಕಳಚಿದ ತುಂಡು ಬಡಿದು, ನಿಮ್ಮ ಮುಂದಿನ ರೆಕ್ಕೆ ಮುರಿದು, ಇವನು ನೆಟ್ಟಗೆ ತಡೆಗೋಡೆಗೆ ಹೋದನಲ್ಲ, ಆಗ ಡಾಕ್ಟರು ಪಕ್ಕೆಲುಬು ಮಾತ್ರ ನೋಡಿ ಕಳಿಸಿದರು. ಸರಿಯಾಗಿದ್ದೇನೆ ಎಂದು ಅವನೂ ಹೇಳಿದ, ನೀನೂ ಹೇಳಿದೆ.

ಒಂದೇ ಮಾತು ಕೇಳುತ್ತೇನೆ. ಸಡಿಲವಾಗಿರುವುದು ಕಾರೋ, ಅವನೋ?

ಗಾಜಿನ ಪುಡಿ ಕಣ್ಣಿಗೆ ಬಿದ್ದಿದೆ. ತೊಳೆದು ಮಲಗುತ್ತೇನೆ.

ನಿನ್ನ ಅತ್ತೆ


ಜೂನ್ ೨

ಅತ್ತೆ,

ತಡವಾಯಿತು. ಮೂರು ರೇಸುಗಳು ಒಂದರ ಬೆನ್ನಿಗೊಂದು ಬಂದವು. ಊರು ಬದಲಾದರೂ ಹೋಟೆಲಿನ ಕೋಣೆ ಒಂದೇ ಥರ. ಬೆಳಗ್ಗೆ ಎದ್ದು ಬಚ್ಚಲಮನೆ ಎಂದುಕೊಂಡು ಬಟ್ಟೆಯ ಬೀರು ತೆರೆಯುತ್ತೇನೆ.

ನಮ್ಮ ಎರಡನೇ ಕಾರನ್ನು ಓಡಿಸಲು ಈ ವರ್ಷ ಒಬ್ಬ ಹುಡುಗಿ ಬಂದಿದ್ದಾಳೆ. ಮಾತು ಕಡಿಮೆ, ಸದಾ ಏನಾದರೂ ತಿನ್ನುತ್ತಿರುತ್ತಾಳೆ. ಅವಳ ಕಾರಿನ ಹಿಂದಿನ ರೆಕ್ಕೆ ನಾನು ಮೊದಲು ಇಟ್ಟಲ್ಲೇ ಇದೆ. ಅವಳು ಸಡಿಲ ಅನ್ನುವುದಿಲ್ಲ. ನಿಮ್ಮ ಮಗನ ರೆಕ್ಕೆಯನ್ನು ಎತ್ತುತ್ತಲೇ ಬಂದಿದ್ದೇನೆ. ಹಿಂದೆ ಹಿಡಿತ ಹೆಚ್ಚಾಗಿ ಮೂತಿ ತಿರುಗದಂತಾಯಿತು. ಅದನ್ನು ಸರಿಮಾಡಲು ಮುಂದಿನ ರೆಕ್ಕೆಯನ್ನೂ ಎತ್ತಿದೆ. ಈಗ ಅವನ ಕಾರು ನೇರ ದಾರಿಯಲ್ಲಿ ಕೊಡೆ ಬಿಚ್ಚಿಕೊಂಡು ಓಡಿದ ಹಾಗೆ ಓಡುತ್ತದೆ. ಎಲ್ಲರೂ ದಾಟಿಕೊಂಡು ಹೋಗುತ್ತಾರೆ. ರೇಸು ಮುಗಿದ ಮೇಲೆ ಬಂದು, “ಇನ್ನೂ ಹಿಂದೆ ಸಡಿಲಾನೇ,” ಅನ್ನುತ್ತಾನೆ.

ತಂಡದ ಮುಖ್ಯಸ್ಥರ ವಿಷಯ ನಿಮಗೆ ಹೇಳಿದ್ದೆ, ನಾವು ಬೆನ್ನ ಹಿಂದೆ ಹುಬ್ಬಯ್ಯ ಅನ್ನುವವರು. ಬಾಯಿಗಿಂತ ಹುಬ್ಬಿನಲ್ಲೇ ಜಾಸ್ತಿ ಮಾತಾಡುತ್ತಾರೆ. ಮೊನ್ನೆ ಬಾಯಲ್ಲೇ ಹೇಳಿದರು. “ತಪ್ಪು ಕಾರಿಂದೋ, ಡ್ರೈವರಿಂದೋ, ಸೀಸನ್ ಮುಗಿಯೋ ಮೊದ್ಲು ನಂಗೆ ಬರೆದು ಕೊಡಮ್ಮ. ಕಾರಿಂದಾದ್ರೆ ಮುಂದಿನ ವರ್ಷದ ರೆಕ್ಕೆ ಕೆಲಸ ಹೊರಗಿನವ್ರಿಗೆ ಕೊಡ್ಬೇಕಾಗುತ್ತೆ.”

ಗಂಡನ ಬಗ್ಗೆ ಹೆಂಡತಿಯನ್ನು ಕೇಳುತ್ತಿದ್ದೇನೆ ಎಂದು ಅವರಿಗೆ ಅನ್ನಿಸಿದ ಹಾಗೆ ಕಾಣಲಿಲ್ಲ. ಅಥವಾ ಅನ್ನಿಸಿಯೇ ಕೇಳಿದರೇನೋ.

ನನ್ನ ಕೈಕೆಳಗೆ ನಾಲ್ಕು ಜನ ಇದ್ದಾರೆ. ಅವರೂ ಆ ಕಿಟಕಿಯಿಲ್ಲದ ಕೋಣೆಯಲ್ಲೇ ವರ್ಷಗಟ್ಟಲೆ ಕೂತವರು.

ಮೊಣಕಾಲಿಗೆ ಬಿಸಿನೀರಿನ ಚೀಲ ಇಡುತ್ತಿದ್ದೀರಾ?

ನಿಮ್ಮ ಸೊಸೆ


ಜೂನ್ ೧೫

ಮಗಳೇ,

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ. ಬಿಸಿನೀರಿನ ಚೀಲದ ಬಗ್ಗೆ ಬರೆದೆ. ಹಾಗಾಗಿ ಉತ್ತರ ಸಿಕ್ಕಿತು.

ಹಾಗಿದ್ದಮೇಲೆ ಆ ಹುಬ್ಬಿನವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳು. ಡ್ರೈವರಿಂದ ಅನ್ನು. ಅವನನ್ನು ಆ ಕಾರಿನಿಂದ ಇಳಿಸಲಿ.

ತಾಯಿಯಾಗಿ ಹೀಗೆ ಬರೆಯುತ್ತೀಯಾ ಎಂದು ಕೇಳಬೇಡ. ನಾನು ಹೇಳಿದರೆ ಅವನು ಬಿಡುವುದಿಲ್ಲ. ನೀನು ಹೇಳಿದರೂ ಬಿಡುವುದಿಲ್ಲ. ಕೆಲಸದಿಂದ ತೆಗೆದರೆ ಬಿಡಲೇಬೇಕು. ಒಂದು ವರ್ಷ ನನ್ನ ಮೇಲೆ, ನಿನ್ನ ಮೇಲೆ ಕೋಪ ಮಾಡಿಕೊಂಡಿರಲಿ. ಕೋಪ ಮಾಡಿಕೊಳ್ಳಲು ಮನುಷ್ಯ ಇರಬೇಕಲ್ಲ.

ಹೆದರಿದವನು ಓಡಿಸಬಾರದು ಮಗು. ಅಷ್ಟು ನನಗೂ ತಿಳಿಯುತ್ತದೆ.

ಅತ್ತೆ


ಜುಲೈ ೧೦

ಅತ್ತೆ,

ನಿಮ್ಮ ಕಾಗದವನ್ನು ಕೈಚೀಲದಲ್ಲಿಟ್ಟುಕೊಂಡು ಎರಡು ರೇಸುಗಳಿಗೆ ಹೋಗಿ ಬಂದೆ. ಸಿಟ್ಟು ಬಂದಿತ್ತು. ಈಗ ಸಿಟ್ಟಿಗೂ ಮೈಯಲ್ಲಿ ಶಕ್ತಿಯಿಲ್ಲ.

ನಿಮಗೆ ಹೇಳುವುದು ಸುಲಭ. ನೀವು ಹೇಳಿದರೆ ಅದು ಅಮ್ಮನ ಮಾತು. ನಾನು ಬರೆದರೆ ಕೆಳಗೆ ಸಹಿ ಹಾಕಬೇಕು. ಅದನ್ನು ಹತ್ತು ಜನ ಓದುತ್ತಾರೆ. ಆಮೇಲೆ ಅವನನ್ನು ಯಾವ ತಂಡವೂ ಕರೆಯುವುದಿಲ್ಲ. ಆಮೇಲೆ ನಾವಿಬ್ಬರೂ ಒಂದೇ ಮನೆಗೆ ಹೋಗಿ ಊಟ ಮಾಡಬೇಕು.

ಇನ್ನೊಂದು ವಿಷಯ. ಅವನು ಸುಳ್ಳು ಹೇಳುತ್ತಿಲ್ಲ. ಇದನ್ನು ನಿಮಗೆ ತಿಳಿಸಲೇಬೇಕು. ರೆಕ್ಕೆಗಿಂತ ಹೆಚ್ಚಾಗಿ ಕಾರನ್ನು ನೆಲಕ್ಕೆ ಹಿಡಿಯುವುದು ಅದರ ತಳ. ತಳಕ್ಕೂ ರಸ್ತೆಗೂ ನಡುವೆ ಕೈಬೆರಳು ತೂರುವಷ್ಟು ಸಂದು. ಅದರಲ್ಲಿ ಗಾಳಿ ನುಗ್ಗಿ ಓಡಿದರೆ ಕಾರನ್ನು ಕೆಳಗಿನಿಂದ ಹೀರಿ ಹಿಡಿದ ಹಾಗಾಗುತ್ತದೆ. ಆದರೆ ಅದಕ್ಕೆ ವೇಗ ಬೇಕು. ವೇಗ ಇದ್ದಷ್ಟೂ ಹಿಡಿತ. ದೊಡ್ಡ ತಿರುವಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆಯದೆ ಹೋದರೆ ಕಾರು ಅಂಟಿಕೊಂಡಿರುತ್ತದೆ. ಭಯವಾಗಿ ಕಾಲು ತೆಗೆದರೆ ಗಾಳಿಯ ಒತ್ತು ಇಳಿಯುತ್ತದೆ, ಭಾರ ಮುಂದಕ್ಕೆ ಬಾಗುತ್ತದೆ, ಹಿಂಭಾಗ ಹಗುರಾಗಿ ಅಲುಗುತ್ತದೆ. ಆಗ ಅವನಿಗೆ ಹಿಂದೆ ಸಡಿಲ ಅನ್ನಿಸುತ್ತದೆ. ಸಡಿಲವಾಗಿಯೇ ಇರುತ್ತದೆ. ಮುಂದಿನ ಸುತ್ತಿನಲ್ಲಿ ಇನ್ನೂ ಬೇಗ ಕಾಲು ತೆಗೆಯುತ್ತಾನೆ, ಇನ್ನೂ ಸಡಿಲವಾಗುತ್ತದೆ.

ಆ ಹುಡುಗಿ ಕಾಲು ತೆಗೆಯುವುದಿಲ್ಲ. ಅವಳಿಗೆ ಹಿಡಿತ ಸಿಗುತ್ತದೆ. ಇಬ್ಬರೂ ತಮಗೆ ಆದದ್ದನ್ನೇ ಹೇಳುತ್ತಾರೆ.

ಹೀಗಿರುವಾಗ ಕಾರಿಂದೋ ಡ್ರೈವರಿಂದೋ ಎಂದರೆ ನಾನು ಏನು ಬರೆಯಲಿ? ಭಯಪಟ್ಟವನಿಗೆ ಭಯಪಡಬೇಡ ಎಂದು ಹೇಳುವ ರೆಕ್ಕೆಯನ್ನು ಯಾರೂ ಮಾಡಿಲ್ಲ. ನಾನು ಮಾಡಲು ಹೊರಟಿದ್ದೆ, ಪ್ರತಿ ವಾರ ಸ್ವಲ್ಪ ಸ್ವಲ್ಪ ಎತ್ತಿಕೊಡುತ್ತಾ.

ನೀವು ಸಿಟ್ಟಾದರೆ ಆಗಿ. ಆದರೆ ಬರೆಯುವುದನ್ನು ನಿಲ್ಲಿಸಬೇಡಿ.

ನಿಮ್ಮ ಸೊಸೆ


ಆಗಸ್ಟ್ ೧೯

ಅತ್ತೆ,

ನೀವು ಬರೆಯಲಿಲ್ಲ. ಮೊಣಕಾಲು ನೋವಿಗೆ ಪೋಸ್ಟ್ ಡಬ್ಬದವರೆಗೆ ನಡೆಯಲಾಗಲಿಲ್ಲ ಎಂದು ನಂಬುತ್ತೇನೆ.

ನಾನು ಅವನಿಗೆ ಹೇಳಿಬಿಟ್ಟೆ. ಹುಬ್ಬಯ್ಯನಿಗಲ್ಲ, ಅವನಿಗೆ.

ಭಾನುವಾರ ಮನೆಯಲ್ಲಿದ್ದೆವು. ವಾರಗಟ್ಟಲೆ ಬೀಗ ಹಾಕಿದ್ದ ಮನೆ, ಫ್ರಿಜ್ಜಿನಲ್ಲಿ ಮೊಟ್ಟೆ ಬಿಟ್ಟು ಏನೂ ಇರಲಿಲ್ಲ. ಅವನು ಮೊಟ್ಟೆ ಒಡೆಯುತ್ತಾ, “ಮುಂದಿನ ರೇಸಿಗೆ ಹಿಂದಿನ ರೆಕ್ಕೆ ಇನ್ನೊಂಚೂರು ಎತ್ತಕ್ಕಾಗುತ್ತಾ?” ಅಂದ. ಬೇರೆ ದಿನವಾಗಿದ್ದರೆ ಆಗುತ್ತೆ ಅನ್ನುತ್ತಿದ್ದೆ. ಅವತ್ತು ಎಷ್ಟು ದಣಿದಿದ್ದೆ ಅಂದರೆ ಸುಳ್ಳು ಹೇಳಲೂ ಸೋಮಾರಿತನ.

“ಎತ್ತಿದ್ರೂ ಅಷ್ಟೇ,” ಅಂದೆ. “ನೀನು ಕಾಲು ತೆಗೀತಿದೀಯ.”

ಅವನು ಒಲೆ ಆರಿಸಿದ. ಅಲ್ಲೇ ನಿಂತ.

“ಯಾವಾಗ ಗೊತ್ತಾಯ್ತು ನಿಂಗೆ?”

“ಮೇ ತಿಂಗಳಲ್ಲಿ.”

“ನಂಗೆ ಮೊದಲ ರೇಸಲ್ಲೇ ಗೊತ್ತಾಗಿತ್ತು,” ಅಂದ. ಆಮೇಲೆ ಕೇಳಿದ, “ಗೊತ್ತಿದ್ದೂ ಯಾಕೆ ಎತ್ತಿ ಕೊಡ್ತಿದ್ದೆ?”

“ನೀನು ಕೇಳ್ತಿದ್ದೆ.”

“ಅಂದ್ರೆ ಮಗು ಅತ್ತಾಗ ಆಟದ ಸಾಮಾನು ಕೊಟ್ಟ ಹಾಗೆ.”

ಹಾಗಲ್ಲ ಎನ್ನಬಹುದಿತ್ತು. ಆಮೇಲೆ ಹುಬ್ಬಯ್ಯ ಕೇಳಿದ್ದನ್ನೂ ಹೇಳಿದೆ, ರೆಕ್ಕೆ ಕೆಲಸ ಹೊರಗಿನವರಿಗೆ ಹೋಗಬಹುದು ಎನ್ನುವುದನ್ನೂ. ಅದು ಅವನಿಗೆ ಗೊತ್ತಿರಲಿಲ್ಲ. ಮುಖ ನೋಡಿದರೆ ತಿಳಿಯಿತು.

“ಬರೆದು ಕೊಡು ಅವ್ರಿಗೆ,” ಅಂದ.

“ನಾನು ಬರೆಯಲ್ಲ.”

“ಹಾಗಾದ್ರೆ ನಿನ್ನ ಕೆಲಸ ಹೋಗುತ್ತೆ.”

“ಹೋಗ್ಲಿ.”

ಇದು ಜಗಳವೋ ಪ್ರೀತಿಯೋ ನನಗೂ ಗೊತ್ತಾಗಲಿಲ್ಲ ಅತ್ತೆ. ಇಬ್ಬರೂ ಮೆಲ್ಲಗೇ ಮಾತಾಡಿದೆವು. ಮೊಟ್ಟೆ ಹಾಗೇ ಬಾಣಲೆಯಲ್ಲಿ ಉಳಿಯಿತು. ಸಂಜೆ ಅವನು ಚೀಲ ತುಂಬಿಕೊಂಡು ವರ್ಕ್‌ಶಾಪಿನ ಮೇಲಿನ ಕೋಣೆಗೆ ಹೋದ. ಮೆಕ್ಯಾನಿಕ್ಕುಗಳು ಮಲಗುವ ಕೋಣೆ ಅದು. ಅಂದಿನಿಂದ ಅಲ್ಲೇ ಇದ್ದಾನೆ. ಗ್ಯಾರೇಜಿನಲ್ಲಿ ಸಿಗುತ್ತಾನೆ, ಟೈರಿನ ಬಿಸಿ ಎಷ್ಟು, ಗಾಳಿ ಯಾವ ಕಡೆ ಎಂದು ಕೇಳುತ್ತಾನೆ. ನಾನು ಹೇಳುತ್ತೇನೆ.

ಇಷ್ಟೇ ಸುದ್ದಿ.

ನಿಮ್ಮ ಸೊಸೆ


ಸೆಪ್ಟೆಂಬರ್ ೧

ಮಗಳೇ,

ಮೊಣಕಾಲಲ್ಲ. ಏನು ಬರೆಯುವುದೆಂದು ತೋಚಲಿಲ್ಲ. ಎರಡು ಸಲ ಬರೆದು ಹರಿದೆ.

ನಿನ್ನೆ ಅವನಿಂದ ಒಂದು ಕಾರ್ಡು ಬಂತು. ಕೊನೆಯ ರೇಸಿಗೆ ಎರಡನೇ ಕಾರಿನ ಹುಡುಗಿಯ ರೆಕ್ಕೆಯನ್ನೇ ಹಾಕಿಸಿಕೊಳ್ಳುತ್ತೇನೆ ಎಂದು ಬರೆದಿದ್ದಾನೆ. ಮತ್ತೇನೂ ಇಲ್ಲ, ನಮಸ್ಕಾರವೂ ಇಲ್ಲ. ನನಗೆ ಅರ್ಥವಾಗಲಾರದು ಎಂದು ಬರೆದನೋ, ಅರ್ಥವಾಗಲಿ ಎಂದೇ ಬರೆದನೋ.

ನೀನು ಬಿಡಿಸಿ ಹೇಳಿದ್ದರಿಂದ ಅರ್ಥವಾಯಿತು. ಅಷ್ಟು ಎತ್ತದ ಆ ರೆಕ್ಕೆಯಲ್ಲಿ ಕಾಲು ತೆಗೆದರೆ ಈಗಿನದಕ್ಕಿಂತ ಹೆಚ್ಚು ಜಾರುತ್ತದೆ ಅಲ್ಲವೇ?

ನಾನು ಅವನನ್ನು ಇಳಿಸು ಅಂದೆ. ಅವನು ಇನ್ನೂ ಮೇಲಕ್ಕೆ ಹತ್ತುತ್ತಿದ್ದಾನೆ. ಹಾಕಿಕೊಡಬೇಡ ಎಂದು ಕೇಳಲು ಕೂತೆ. ಬರೆಯುತ್ತಾ ಬರೆಯುತ್ತಾ ಅದನ್ನು ಕೇಳುವ ಬಾಯಿ ನನಗಿಲ್ಲ ಅನ್ನಿಸಿತು. ನಿನಗೆ ಹೇಗೆ ತೋರುತ್ತದೋ ಹಾಗೆ ಮಾಡು. ಆದ ದಿನವೇ ನನಗೆ ತಿಳಿಸು. ತಂತಿಯಂತೆ ಎರಡು ಪದವಾದರೂ ಸಾಕು.

ಅಂಗಡಿಯಲ್ಲಿ ಇವತ್ತು ಒಂದು ಗಾಜು ಒಡೆದೆ.

ಅತ್ತೆ


ಸೆಪ್ಟೆಂಬರ್ ೨೨

ಅತ್ತೆ,

ಅವನಿಗೆ ಏನೂ ಆಗಿಲ್ಲ. ಮೊದಲು ಇದನ್ನು ಓದಿಕೊಳ್ಳಿ, ನೀರು ಕುಡಿಯಿರಿ, ಆಮೇಲೆ ಮುಂದಕ್ಕೆ ಓದಿ. ನಿಮ್ಮ ಮಾಲೀಕರಿಗೆ ನಿನ್ನೆಯೇ ಫೋನು ಮಾಡಿ ಹೇಳಿದ್ದೆ, ನಿಮ್ಮ ಕಿವಿಯಲ್ಲಿ ಕಿರುಚಿದರೋ ಇಲ್ಲವೋ.

ಶನಿವಾರ ಅಭ್ಯಾಸದ ದಿನ. ಅವನು ಗ್ಯಾರೇಜಿಗೆ ಬಂದು, ನನ್ನ ಕಡೆ ನೋಡದೆ, “ಆ ಹುಡುಗಿ ಕಾರಿಗೆ ಯಾವ ರೆಕ್ಕೆ ಇದ್ಯೋ ಅದೇ, ಅಷ್ಟೇ ಎತ್ತರ,” ಅಂದ. ಹುಬ್ಬಯ್ಯನ ಹುಬ್ಬು ಟೋಪಿಯೊಳಗೆ ಹೋಯಿತು. ಮೆಕ್ಯಾನಿಕ್ಕುಗಳು ನನ್ನ ಮುಖ ನೋಡಿದರು. ಬೇಡ ಎನ್ನುವ ಅಧಿಕಾರ ನನಗಿತ್ತು. ನಿಮ್ಮ ಕಾಗದ ಜೇಬಿನಲ್ಲಿತ್ತು. ಸ್ಪ್ಯಾನರು ಇಸಿದುಕೊಂಡು ನಾನೇ ಕೂರಿಸಿದೆ. ಬೇರೆಯವರು ಕೂರಿಸಿ ಏನಾದರೂ ಆಗಿದ್ದರೆ ಅವರು ಜೀವಮಾನವಿಡೀ ಹೊರಬೇಕಾಗುತ್ತಿತ್ತು.

ಇಲ್ಲಿನ ದೊಡ್ಡ ತಿರುವು ಗ್ಯಾರೇಜಿಗೆ ಕಾಣಿಸುವುದಿಲ್ಲ, ಕೇಳಿಸುತ್ತದೆ. ಕಾಲು ತೆಗೆದರೆ ಎಂಜಿನ್ನಿನ ಸದ್ದು ಮಧ್ಯದಲ್ಲಿ ಒಮ್ಮೆ ಕುಸಿಯುತ್ತದೆ. ಮೊದಲ ಸುತ್ತಿನಲ್ಲಿ ಕುಸಿಯಿತು. ಎರಡನೆಯದರಲ್ಲೂ. ಆಮೇಲಿನದರಲ್ಲಿ ಕಡಿಮೆ, ಯಾರೋ ಮಾತಿನ ನಡುವೆ ಉಗುಳು ನುಂಗಿದಷ್ಟು. ನಾನು ಪರದೆಯ ಕಡೆ ನೋಡಲಿಲ್ಲ. ಟೈರಿನ ರಾಶಿಗೆ ಒರಗಿ ನಿಂತು ಕೇಳುತ್ತಿದ್ದೆ.

ಮತ್ತೊಂದು ಸುತ್ತು. ಸದ್ದು ಬಂತು, ತಿರುವಿಗೆ ಹೋಯಿತು, ಹಾಗೇ ಹೊರಬಂತು. ಕುಸಿಯಲೇ ಇಲ್ಲ.

ರೇಡಿಯೋದಲ್ಲಿ ಅವನ ದನಿ. “ಹಿಡೀತು.” ಅಷ್ಟೇ.

ಒಳಗೆ ಬಂದ. ಹೆಲ್ಮೆಟ್ಟು ತೆಗೆದ. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ತುಂಬ ದೂರ ಹೊರೆ ಹೊತ್ತು ಬಂದು ಇಳಿಸಿದವನ ಹಾಗೆ ಇದ್ದ. ಎಲ್ಲರೂ ಕೇಳುವಂತೆ ಹುಬ್ಬಯ್ಯನಿಗೆ ಹೇಳಿದ.

“ಕಾರು ಸರಿಯಾಗಿದೆ ಸರ್. ವರ್ಷ ಪೂರ್ತಿ ಸರಿಯಾಗೇ ಇತ್ತು. ಸಡಿಲ ಅಂದಿದ್ದೆಲ್ಲ ನನ್ನ ಕಾಲಿನ ವಿಷಯ. ಇನ್ನು ರೆಕ್ಕೆಯವ್ರನ್ನ ಕೇಳ್ಬೇಡಿ.”

“ಸರಿ ಹೋಯ್ತಲ್ಲ ಹಾಗಾದ್ರೆ. ನಾಳೆ ಹೀಗೇ ಓಡಿಸು.”

“ಇಲ್ಲ ಸರ್. ನಾಳೆ ಬೇರೆಯವ್ರನ್ನ ಕೂರಿಸಿ.”

“ಈಗ ತಾನೇ ಓಡಿಸಿದ್ಯಲ್ಲಪ್ಪ.”

“ಒಂದ್ಸಲ ಆಯ್ತು. ಭಯ ಹೋಗ್ಲಿಲ್ಲ.”

ಹುಬ್ಬಯ್ಯ ಅವನ ಭುಜ ತಟ್ಟಿ ಹೊರಟುಹೋದರು. ಹೋಗುವಾಗ ನನಗೆ, “ಬರೆದು ಕೊಡೋದು ಬೇಡಮ್ಮ,” ಅಂದರು.

ಅವನನ್ನು ಹುಡುಕಿಕೊಂಡು ಹೋದೆ. ಲಾರಿಯ ಹಿಂದೆ, ಖಾಲಿ ಡಬ್ಬಿಯ ಮೇಲೆ ಕೂತಿದ್ದ. ಕೈಗವಸು ಬಿಚ್ಚಲು ನೋಡುತ್ತಿದ್ದ, ಬೆವರಿಗೆ ಅಂಟಿಕೊಂಡು ಬರುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಒಂದೊಂದೇ ಬೆರಳು ಎಳೆದು ಬಿಚ್ಚಿದೆ. ಎರಡೂ ಕೈ. ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ಕೈ ಬಿಡಲಿಲ್ಲ. ಆಮೇಲೆ ಎದ್ದು ಹೋದ. ಬೆಳಗ್ಗೆ ನಿಮ್ಮ ಊರಿನ ರೈಲು ಹತ್ತಿದನಂತೆ, ಮೆಕ್ಯಾನಿಕ್ಕು ಹೇಳಿದ.

ಅವನ ಜಾಗಕ್ಕೆ ಬೇರೊಬ್ಬ ಓಡಿಸಿದ, ಹಿಂದೆಯೇ ಉಳಿದ. ಹುಡುಗಿ ನಾಲ್ಕನೆಯವಳಾಗಿ ಬಂದಳು. ನಮ್ಮ ಹುಡುಗರು ಕುಣಿದಾಡಿದರು. ನಾನು ಕೂತಲ್ಲೇ ನಿದ್ದೆಹೋಗಿದ್ದೆ.

ನನ್ನ ಕೆಲಸ ಉಳಿಯಿತು. ಉಳಿಸಲೆಂದೇ ಆ ತಿರುವಿಗೆ ಕಾಲು ತೆಗೆಯದೆ ಹೋದ. ಅದನ್ನು ಯಾರೂ ನನಗೆ ಹೇಳಬೇಕಾಗಿಲ್ಲ. ಅವನು ಬಿಟ್ಟು ಹೋದದ್ದು ತಂಡವನ್ನು ಮಾತ್ರವೋ, ನನ್ನನ್ನೂ ಸೇರಿಸಿಯೋ, ಅದು ಗೊತ್ತಿಲ್ಲ. ನೀವು ಕೇಳಬೇಡಿ. ತಾನಾಗಿ ಹೇಳಿದರೆ ಬರೆಯಿರಿ.

ನಿಮ್ಮ ಸೊಸೆ


ಅಕ್ಟೋಬರ್ ೯

ಮಗಳೇ,

ಮಾಲೀಕ ಕಿರುಚಿದ. ಜೀವಮಾನದಲ್ಲಿ ಮೊದಲ ಸಲ ಅವನ ಕಿರುಚಾಟ ಹಿತವಾಯಿತು.

ದೊರೆ ಇಲ್ಲಿದ್ದಾನೆ. ಮೊದಲ ವಾರ ಬರೀ ಮಲಗಿದ. ಊಟಕ್ಕೆ ಎಬ್ಬಿಸಿದರೆ ಉಂಡು ಮತ್ತೆ ಮಲಗುತ್ತಿದ್ದ. ಉಸಿರಾಡುತ್ತಿದ್ದಾನೋ ಎಂದು ನೋಡಲು ಬಾಗಿಲಲ್ಲಿ ನಿಲ್ಲುತ್ತಿದ್ದೆ, ನನಗೆ ಕೇಳಿಸುವುದಿಲ್ಲವಲ್ಲ, ಹೊದಿಕೆ ಏಳುವುದನ್ನು ನೋಡಿ ಬರುತ್ತಿದ್ದೆ. ಈಗ ಎದ್ದು ಓಡಾಡುತ್ತಾನೆ. ನಲ್ಲಿ ರಿಪೇರಿ ಮಾಡಿದ, ಅದು ಮೊದಲಿಗಿಂತ ಜೋರಾಗಿ ಸೋರುತ್ತಿದೆ.

ನೀನು ಹೇಳಿದಂತೆ ಏನೂ ಕೇಳಲಿಲ್ಲ. ನಿನ್ನೆ ಅವನೇ, “ಅವಳ ಕಾಗದ ಬಂತಾ?” ಎಂದು ಕೈಸನ್ನೆ ಮಾಡಿದ. ಬಂದದ್ದನ್ನು ಓದಲು ಕೊಡಲಿಲ್ಲ. ಅದು ನಮ್ಮಿಬ್ಬರದು. ಬೇಕಿದ್ದರೆ ನೀನೇ ಬರೆ ಎಂದು ಹೇಳಿ, ಈ ಹಾಳೆಯ ಕೆಳಗೆ ಜಾಗ ಬಿಟ್ಟುಕೊಟ್ಟಿದ್ದೇನೆ. ಮಧ್ಯಾಹ್ನದಿಂದ ಪೆನ್ನು ಹಿಡಿದುಕೊಂಡು ಕೂತಿದ್ದಾನೆ. ನಾನು ಅಂಗಡಿಗೆ ಹೋಗಿ ಬರುತ್ತೇನೆ. ಬರೆದಿದ್ದರೆ ಹಾಗೇ ಅಂಟಿಸಿ ಕಳಿಸುತ್ತೇನೆ, ಓದುವುದಿಲ್ಲ.

ಅತ್ತೆ


ಏನು ಬರೆಯುವುದು ಗೊತ್ತಾಗುತ್ತಿಲ್ಲ. ಅಮ್ಮ ಓದುವುದಿಲ್ಲ ಅಂದಿದ್ದಾಳೆ, ಓದುತ್ತಾಳೆ.

ಆ ತಿರುವಿನಲ್ಲಿ ಕಾಲು ಒತ್ತಿ ಹಿಡಿಯುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ನನಗೆ ಭಯವಾಗುತ್ತಿದೆ ಎಂದು ನಿನಗೆ ಹೇಳುವುದು ವರ್ಷ ಪೂರ್ತಿ ಆಗಲಿಲ್ಲ. ಅದಕ್ಕೇ ರೆಕ್ಕೆ ಕೇಳುತ್ತಿದ್ದೆ.

ನಿನಗೆ ಯಾವಾಗ ರಜೆ ಸಿಗುತ್ತದೋ ಗೊತ್ತಿಲ್ಲ. ಸಿಕ್ಕರೆ ಬಾ. ಮಾತಾಡಲೇಬೇಕೆಂದಿಲ್ಲ, ಇಲ್ಲಿ ಮೊದಲು ಮಲಗು. ನಾನು ಎಬ್ಬಿಸುವುದಿಲ್ಲ.